ದೂರದಕ್ಕ ಅಳೆದ ಗುಡ್ಡದ ಜೇನು

ನಮ್ಮ ಪ್ರಯೋಗಾಲಯದಲ್ಲಿ ಅವಳನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಜೇನು ಸಾಕುವವರು ಇಟ್ಟ ಹೆಸರು ದೂರದಕ್ಕ. ಬಾಟಲಿ ತಂದವರು ಕಿಟಕಿಯ ಆಚೆ ನಿಂತು "ಅಕ್ಕಾ, ನಮ್ದು ಎಷ್ಟು ದೂರ ಬಂತು?" ಎಂದು ಕೇಳುತ್ತಿದ್ದರು. ಇವಳು "ತೋಟಕ್ಕೆ ಹತ್ತಿರ, ಬಯಲಿಗೆ ದೂರ" ಎಂದು ಒಳಗಿನಿಂದ ಕೂಗಿ ಹೇಳುತ್ತಿದ್ದಳು. ಹೆಸರು ಹಾಗೆಯೇ ಅಂಟಿಕೊಂಡಿತು. ಅವಳಿಗೆ ಅದರಿಂದ ಬೇಸರವಿರಲಿಲ್ಲ, ನನಗಿತ್ತು. ಪಕ್ಕದ ಮೇಜಿನಲ್ಲಿ ಕೂತು ಅದೇ ಬಾಟಲಿಗಳನ್ನು ತೂಗಿ, ಅದೇ ಗಾಜಿನ ಪಾತ್ರೆಗಳನ್ನು ತೊಳೆದು ಬೆರಳು ಸವೆಸಿದ ನನಗೆ ಆ ಜನ ಒಂದು ಅಡ್ಡಹೆಸರನ್ನೂ ಇಡಲಿಲ್ಲ.

ಎತ್ತರದ, ಸಣಕಲು ಹೆಂಗಸು. ದಿನವಿಡೀ ಜೇನಿನ ನಡುವೆ ಇದ್ದೂ ಸಿಹಿ ಕಂಡರೆ ಆಗುತ್ತಿರಲಿಲ್ಲ, ಸಕ್ಕರೆ ಹಾಕದ ಕಪ್ಪು ಚಹಾ ಕುಡಿಯುತ್ತಿದ್ದಳು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೆದಕಿದರೆ "ಬಂದವರೆಲ್ಲ ದೂರ ಇದ್ರು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಈ ಲೋಕದಲ್ಲಿ ಅವಳು ಕಣ್ಣು ಮುಚ್ಚಿ ನಂಬಿದ್ದು ಎರಡನ್ನು ಮಾತ್ರ. ಒಂದು ತನ್ನ ಲೆಕ್ಕ, ಇನ್ನೊಂದು ತನ್ನ ತಮ್ಮ. ಎರಡರಲ್ಲಿ ಒಂದನ್ನೇ ಉಳಿಸಿಕೊಳ್ಳಬೇಕಾದ ದಿನ ಬಂತು. ಅದನ್ನು ನಾನು ಹತ್ತಿರದಿಂದ ನೋಡಿದೆ.

ಮೊದಲು ಅವಳ ಕೆಲಸವನ್ನು ಹೇಳಬೇಕು. ನಮ್ಮಲ್ಲಿಗೆ ಬರುವ ಜೇನು ಮೂರು ಬಗೆಯದು: ಗುಡ್ಡದ್ದು, ತೋಟದ್ದು, ಬಯಲಿನದು. ಗುಡ್ಡದ ಜೇನಿಗೆ ಬೇಡಿಕೆ ಹೆಚ್ಚು. ಹಾಗಾಗಿ ಕೇಳಿದರೆ ಎಲ್ಲರ ಜೇನೂ ಗುಡ್ಡದ್ದೇ. ನಿಜ ತಿಳಿಯಲು ಪ್ರತಿ ಬಾಟಲಿಯ ಬಣ್ಣ, ನೀರಿನಂಶ, ಹುಳಿ, ಅದರ ಮೂಲಕ ವಿದ್ಯುತ್ ಹಾಯುವ ಪ್ರಮಾಣ, ಹೂವಿನ ಪರಾಗ ಎಲ್ಲವನ್ನೂ ಅಳೆಯುತ್ತಿದ್ದೆವು. ಎಲ್ಲಿಂದ ಬಂತೆಂದು ಖಚಿತವಾಗಿ ಗೊತ್ತಿದ್ದ ಬಾಟಲಿಗಳನ್ನು ಮೊದಲೇ ಅಳೆದು ಅವಳು ಮೂರು ಗುಂಪು ಕಟ್ಟಿಟ್ಟಿದ್ದಳು. ಪ್ರತಿ ಗುಂಪಿಗೂ ಒಂದು ನಡು, ಆ ನಡುವಿನ ಸುತ್ತ ಒಂದು ಹರವು. ಹೊಸ ಬಾಟಲಿ ಬಂದರೆ ಅದು ಯಾವ ನಡುವಿನಿಂದ ಎಷ್ಟು ದೂರ ಎಂದು ಲೆಕ್ಕ ಹಾಕಿ, ಹತ್ತಿರದ ಗುಂಪಿನ ಮುದ್ರೆ ಒತ್ತುವುದು. ಮೂರಕ್ಕೂ ದೂರವಾದರೆ 'ಬೆರಕೆಯ ಶಂಕೆ' ಎಂಬ ಚೀಟಿ. ಆ ಚೀಟಿ ಹತ್ತಿದ ಜೇನನ್ನು ಅಂಗಡಿಯವರು ಮೂಸಿಯೂ ನೋಡುತ್ತಿರಲಿಲ್ಲ.

ಈ ದೂರ ಅಡಿಕೋಲಿನ ದೂರವಲ್ಲ. ಜೇನು ಸಾಕುವವರಿಗೆ ಅವಳು ಅದನ್ನು ಬಿಡಿಸಿ ಹೇಳುತ್ತಿದ್ದ ರೀತಿ ನನಗೆ ಬಾಯಿಪಾಠ.

"ಒಂದು ಮನೇಲಿ ಎಲ್ಲರೂ ಸಂಜೆ ಆರಕ್ಕೆ ಸರಿಯಾಗಿ ಬರ್ತಾರೆ ಅನ್ಕೊಳ್ಳಿ. ಅಲ್ಲಿ ಯಜಮಾನ ಹತ್ತು ನಿಮಿಷ ತಡ ಮಾಡಿದ್ರೆ ಹೆಂಡತಿ ಬಾಗಿಲಿಗೆ ಬಂದು ನಿಲ್ತಾಳೆ. ಇನ್ನೊಂದು ಮನೇಲಿ ಯಾರು ಯಾವಾಗ ಬರ್ತಾರೋ ದೇವರಿಗೇ ಗೊತ್ತು. ಅಲ್ಲಿ ಎರಡು ಗಂಟೆ ತಡವಾದ್ರೂ ಯಾರೂ ತಲೆ ಎತ್ತಲ್ಲ. ಆ ಮನೇಲಿ ಹತ್ತು ನಿಮಿಷವೇ ದೂರ, ಈ ಮನೇಲಿ ಎರಡು ಗಂಟೆಯೂ ಹತ್ತಿರ. ಗುಂಪು ಎಷ್ಟು ಹರಡಿಕೊಂಡಿದೆ ಅನ್ನೋದನ್ನ ನೋಡಿ ದೂರ ಹೇಳಬೇಕು."

"ಮತ್ತೆ ಐದೈದು ಅಳತೆ ಯಾಕಕ್ಕ?" ಎಂದು ಯಾರಾದರೂ ಕೇಳಿದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ದೊಡ್ಡ ಆಳು ದೊಡ್ಡ ಚಪ್ಪಲಿ ಹಾಕಿದ್ರೆ ಅದೇನು ಸುದ್ದಿನಾ? ಗಿಡ್ಡ ಮನುಷ್ಯ ದೊಡ್ಡ ಚಪ್ಪಲಿ ಹಾಕ್ಕೊಂಡು ಬಂದ್ರೆ ಯಾರ ಚಪ್ಪಲಿ ಅಂತ ಕೇಳ್ಬೇಕು. ಒಂದೊಂದೇ ನೋಡಿದ್ರೆ ತಿಳಿಯಲ್ಲ, ಜೊತೆಲಿ ನೋಡ್ಬೇಕು."

ಇನ್ನು ತಮ್ಮ. ಅವನನ್ನು ಸಾಕಿದ್ದು ಅವಳೇ. ತಾಯಿ ತೀರಿಕೊಂಡಾಗ ಅವನಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಓದು ತಲೆಗೆ ಹತ್ತಲಿಲ್ಲ, ಹಿಡಿದ ಕೆಲಸ ನಿಲ್ಲಲಿಲ್ಲ. ಕೊನೆಗೆ ಇವಳೇ ಜೇನಿನ ಪೆಟ್ಟಿಗೆಗಳನ್ನು ಕೊಡಿಸಿ ದಾರಿಗೆ ಹಚ್ಚಿದಳು. ಆಸಾಮಿ ಮಾತುಗಾರ. ಬಂದಾಗಲೆಲ್ಲ ನನ್ನ ತಕ್ಕಡಿಯ ಮೇಲೆ ಬೆರಳಿಟ್ಟು "ನನ್ನ ಯೋಗ್ಯತೆ ಎಷ್ಟು ತೂಗುತ್ತೆ ನೋಡು ತಕ್ಕಡಿಯಕ್ಕ" ಎನ್ನುತ್ತಿದ್ದ. ನನಗೆ ಹೆಸರಿಟ್ಟವನು ಅವನೊಬ್ಬನೇ, ಅದಕ್ಕೇ ನನಗೂ ಅವನ ಮೇಲೆ ಅಕ್ಕರೆಯಿತ್ತು. ಈಗ ನೆನೆದರೆ ಆ ಬೆರಳನ್ನು ಮುರಿಯಬೇಕಿತ್ತು ಎನ್ನಿಸುತ್ತದೆ.

ಪ್ರಯೋಗಾಲಯ ಶುರುವಾದ ವರ್ಷ ನಮ್ಮ ಸಾಹೇಬರು ಒಂದು ಗಡುವು ಹಾಕಿದ್ದರು. ಜೇನಿನ ಕಾಲ ಮುಗಿಯುವುದರೊಳಗೆ ಮೂರೂ ಗುಂಪು ಸಿದ್ಧವಾಗಬೇಕು, ಇಲ್ಲದಿದ್ದರೆ ಈ ವಿಭಾಗವನ್ನೇ ಮುಚ್ಚುತ್ತಾರೆ. ತೋಟದ ಮತ್ತು ಬಯಲಿನ ಬಾಟಲಿಗಳನ್ನು ದೂರದಕ್ಕ ಊರೂರು ಅಲೆದು ತನ್ನ ಕಣ್ಣೆದುರೇ ತುಂಬಿಸಿಕೊಂಡು ಬಂದಳು. ಗುಡ್ಡ ಉಳಿಯಿತು. ಅಲ್ಲಿಗೆ ವಾಹನ ಹೋಗದು, ಮನೆಯಿಂದ ಮನೆಗೆ ಏರಿ ಇಳಿಯಬೇಕು.

"ನೀನ್ಯಾಕೆ ಕಾಲು ಮುರ್ಕೊಳ್ತೀಯಕ್ಕ, ನಾನು ತಂದ್ಕೊಡ್ತೀನಿ" ಎಂದ ತಮ್ಮ. ಹೇಳಿದ ದಿನಕ್ಕೆ ಸರಿಯಾಗಿ ಎರಡು ಪೆಟ್ಟಿಗೆ ತುಂಬ ಬಾಟಲಿ ತಂದಿಳಿಸಿದ. ಪ್ರತಿಯೊಂದರ ಮೇಲೂ ಯಾವ ಮನೆಯದೆಂದು ಬರೆದಿತ್ತು. ಅಕ್ಕನ ಕಣ್ಣಲ್ಲಿ ನೀರು ಬಂತು.

ಅಳೆದು ನೋಡಿದರೆ ಹೆಚ್ಚಿನ ಬಾಟಲಿಗಳೆಲ್ಲ ಒಂದರ ಪಕ್ಕ ಒಂದು ಒತ್ತಾಗಿ ಕೂತವು. ನಾಲ್ಕಾರು ಮಾತ್ರ ದಿಕ್ಕಿಗೊಂದರಂತೆ ದೂರ ಬಿದ್ದವು. ಹೀಗೆ ಗುಂಪಿನಿಂದ ತಪ್ಪಿ ಬಿದ್ದವನ್ನು ನಡು ಕಟ್ಟುವ ಮುಂಚೆ ತೆಗೆದುಹಾಕುವುದು ನಮ್ಮಲ್ಲಿ ಪದ್ಧತಿ. ಅವಳು ತೆಗೆದಳು. "ತೋಟದ ಜೇನು ಕೂಡ ಇಷ್ಟು ಶಿಸ್ತಾಗಿ ಕೂರಲ್ಲ ಕಣೆ" ಎಂದು ಹಿಗ್ಗಿದಳು. ಗಡುವಿನೊಳಗೆ ಕೆಲಸ ಮುಗಿಯಿತು, ಸಾಹೇಬರು ಬೆನ್ನು ತಟ್ಟಿದರು.

ಮುಂದಿನ ವರ್ಷದಿಂದ ಗುಡ್ಡದವರು ಬಾಟಲಿ ತರತೊಡಗಿದರು. ಒಂದಾದ ಮೇಲೊಂದು ಮೂರೂ ಗುಂಪಿಗೆ ದೂರ. ಚೀಟಿಯ ಮೇಲೆ ಚೀಟಿ. ಸಾಹೇಬರು "ಗುಡ್ಡದ ಜನ ಕೈಚಳಕದವರು ಅಂತ ಮೊದಲೇ ಕೇಳಿದ್ದೆ" ಎಂದು ತೀರ್ಪು ಕೊಟ್ಟರು. ಜೇನು ಕಿತ್ತವನು ಕೈ ನೆಕ್ಕದೆ ಬಿಡುತ್ತಾನೆಯೇ ಎಂದು ನಾವೂ ತಲೆಯಾಡಿಸಿದೆವು. ಮುದ್ರೆ ಸಿಗದವರು ತಮ್ಮ ಜೇನನ್ನು ಸಿಕ್ಕಿದ ದರಕ್ಕೆ ದೂರದಕ್ಕನ ತಮ್ಮನಿಗೇ ಸುರಿದು ಹೋಗುತ್ತಿದ್ದರು. ಅವನ ಬಾಟಲಿಗಳು ಮಾತ್ರ ಪ್ರತಿ ಸಲವೂ ಗುಡ್ಡದ ನಡುವಿಗೆ ಅಂಟಿಕೊಂಡೇ ಬರುತ್ತಿದ್ದವು.

ಅವನಿಗೆ ಕೊಡದೆ ಹಟ ಹಿಡಿದದ್ದು ಒಂದೇ ಮನೆ, ಗುಡ್ಡದ ತುದಿಯಲ್ಲಿದ್ದ ಗಂಡ ಹೆಂಡತಿಯದು. ಬಾಟಲಿ ತರುತ್ತಿದ್ದವಳು ಹೆಂಡತಿ. ಮೊದಲ ವರ್ಷ ಚೀಟಿ ಕೊಟ್ಟಾಗ ಜಗಳವಾಡಿದಳು. ಎರಡನೆಯ ವರ್ಷ ಅತ್ತಳು. ಮೂರನೆಯ ವರ್ಷ ಎರಡನ್ನೂ ಮಾಡಲಿಲ್ಲ. ಚೀಟಿಯನ್ನು ಕೈಯಲ್ಲಿ ಹಿಡಿದು ಕೇಳಿದಳು.

"ಇದು ಸುಳ್ಳು ಹೇಳಲ್ಲ ಅಲ್ವಾ ಅಕ್ಕ?"

"ಬಾಟಲಿಗೆ ಸುಳ್ಳು ಹೇಳೋಕೆ ಬರಲ್ಲಮ್ಮ" ಎಂದಳು ದೂರದಕ್ಕ. ಬಿರುಸಾಗಿ ಏನಲ್ಲ, ಮೃದುವಾಗಿಯೇ ಹೇಳಿದಳು. ಆ ಹೆಂಗಸು ಸರಿ ಎಂಬಂತೆ ತಲೆಯಾಡಿಸಿ ಹೋದಳು. ಮತ್ತೆ ಬರಲಿಲ್ಲ.

ಹೀಗೆ ಇನ್ನೂ ಕೆಲವು ವರ್ಷ ಕಳೆದವು. ಒಂದು ಬೇಸಿಗೆಯಲ್ಲಿ ಹುಳುಗಳಿಗೆ ಏನೋ ರೋಗ ತಗುಲಿತು, ಪೆಟ್ಟಿಗೆಗಳನ್ನು ನೋಡಿಬರಲು ದೂರದಕ್ಕನನ್ನು ಗುಡ್ಡಕ್ಕೆ ಕಳಿಸಿದರು. ಅಷ್ಟು ಹೊತ್ತಿಗೆ ಅಲ್ಲಿಗೂ ರಸ್ತೆಯಾಗಿತ್ತು. ತುದಿಯ ಮನೆಯಲ್ಲಿ ಒಂದೇ ಒಂದು ಪೆಟ್ಟಿಗೆ ಉಳಿದಿತ್ತು. ಗಂಡ ಮುಚ್ಚಳ ತೆಗೆದುಕೊಟ್ಟ. ರೋಗವಿರಲಿಲ್ಲ. ಇವಳು ಜೇನುಹುಟ್ಟಿನ ಒಂದು ತುಂಡನ್ನು ತಾನೇ ಕೊಯ್ದು, ತಾನೇ ಹಿಂಡಿ, ತನ್ನ ಚೀಲದಲ್ಲಿದ್ದ ಬಾಟಲಿಗೆ ತುಂಬಿಕೊಂಡಳು. ಯಾವ ಉದ್ದೇಶವೂ ಇರಲಿಲ್ಲ. ಕೆಮ್ಮಿಗೆ ಬೇಕೆಂದು ನಾನೇ ಕೇಳಿದ್ದೆ.

ಮರುದಿನ ಅದನ್ನು ನನಗೆ ಕೊಡುವ ಮುಂಚೆ ಅಭ್ಯಾಸಬಲದಿಂದ ಅಳೆದಳು. ಗುಡ್ಡಕ್ಕೆ ದೂರ. ತೋಟಕ್ಕೆ, ಬಯಲಿಗೆ ಇನ್ನೂ ದೂರ.

"ಪಾತ್ರೆ ಸರಿಯಾಗಿ ತೊಳೆದಿದ್ದೀಯಾ?" ಎಂದು ನನ್ನ ಮೇಲೆ ಬಂದಳು.

"ಇಷ್ಟು ವರ್ಷ ತೊಳೆದ ಹಾಗೇ ತೊಳೆದಿದ್ದೀನಿ. ಬೇಕಾದ್ರೆ ನೆಕ್ಕಿ ನೋಡು" ಎಂದೆ. ನನಗೆ ಸಿಟ್ಟು ಬಂದಿತ್ತು. ಅವಳು ತಾನೇ ತೊಳೆದು ಮತ್ತೆ ಅಳೆದಳು. ಅಷ್ಟೇ ಬಂತು.  ತನ್ನ ಕೈಯಿಂದಲೇ ಕೊಯ್ದ ಜೇನು. ಅದನ್ನು ಬೆರಕೆ ಎನ್ನಬೇಕಾದರೆ ಹುಳುವನ್ನೇ ಕಳ್ಳ ಎನ್ನಬೇಕು. ಇಲ್ಲವೇ ತಾನು ಕಟ್ಟಿದ ಗುಂಪೇ ಸುಳ್ಳು.

ಮಧ್ಯಾಹ್ನ ಊಟ ಬಿಟ್ಟು ಹಳೆಯ ಅಂಕಿಗಳನ್ನೆಲ್ಲ ಕಂಪ್ಯೂಟರಿನಿಂದ ತೆಗೆದಳು. ಮೊದಲ ವರ್ಷ ಹೊರಗೆ ಹಾಕಿದ್ದ ಆ ನಾಲ್ಕಾರು ಬಾಟಲಿಗಳ ಜೊತೆ ಈ ಹೊಸ ಬಾಟಲಿಯನ್ನೂ, ಚೀಟಿ ಹತ್ತಿಸಿ ಕಳಿಸಿದ ಗುಡ್ಡದವರ ಬಾಟಲಿಗಳನ್ನೂ ಒಟ್ಟಿಗೆ ಇಟ್ಟು ನೋಡಿದಳು. ಎಲ್ಲ ಸೇರಿ ಅಗಲವಾಗಿ ಹರಡಿದ ಒಂದು ಗುಂಪಾಯಿತು. ಕಪ್ಪಾದಷ್ಟೂ ವಿದ್ಯುತ್ ಹೆಚ್ಚು ಹಾಯುವ, ಪರಾಗ ತುಂಬಿದ ಜೇನು. ಒಂದೊಂದು ಮನೆಯದು ಒಂದೊಂದು ಥರ, ಆದರೆ ಎಲ್ಲವೂ ಒಂದೇ ಗುಡ್ಡದ ಮಕ್ಕಳು. ಉಳಿದ ಹಳೆಯ ಬಾಟಲಿಗಳು, ಅಂದರೆ ಯಾವುದರ ಮೇಲೆ ಇಷ್ಟು ವರ್ಷ ನಮ್ಮ ನಡು ನಿಂತಿತ್ತೋ ಅವು, ಬೇರೆಯೇ ಮೂಲೆಯಲ್ಲಿ ಗುಂಪುಗಟ್ಟಿ ಕೂತಿದ್ದವು. ಬಣ್ಣ ಕಪ್ಪು, ಆದರೆ ವಿದ್ಯುತ್ ಕಡಿಮೆ, ಪರಾಗ ಕಡಿಮೆ. ಗಿಡ್ಡ ಮನುಷ್ಯನ ಕಾಲಲ್ಲಿ ದೊಡ್ಡ ಚಪ್ಪಲಿ. ಕಾಯಿಸಿದ ಸಕ್ಕರೆ ಪಾಕ ಬೆರೆಸಿದರೆ ಬರುವ ಅಳತೆ ಅದು.

"ಬೇರೆ ಬೇರೆ ಮನೆಯ ಜೇನು ಇಷ್ಟು ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ ಕಣೆ" ಎಂದಳು. ದನಿ ಬಿದ್ದುಹೋಗಿತ್ತು. "ಇವೆಲ್ಲ ಒಂದೇ ಪೀಪಾಯಿದು."

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಯಾರಿಗೆ ಹೇಳುವುದು? ಆ ಒತ್ತಾದ ಗುಂಪಿನಿಂದಾಗಿ ಹರವು ಕಿರಿದಾಗಿತ್ತು, ಹರವು ಕಿರಿದಾದ್ದರಿಂದ ಚೂರು ವ್ಯತ್ಯಾಸವೂ ದೊಡ್ಡ ದೂರವಾಗಿ ಕಂಡಿತ್ತು. ಇಷ್ಟು ವರ್ಷ ನಿಜವನ್ನು ಸುಳ್ಳಿನ ಬಾಗಿಲಲ್ಲಿ ನಿಲ್ಲಿಸಿ ಎಷ್ಟು ದೂರ ಇದ್ದೀಯ ಎಂದು ಕೇಳಿದ್ದೆವು. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡಿದರು ಎನ್ನುತ್ತಾರಲ್ಲ, ನಾವು ಸರ್ಕಾರಿ ಸಂಬಳ ತೆಗೆದುಕೊಂಡು ಅದನ್ನೇ ಮಾಡಿದ್ದು.

ಭಾನುವಾರ ತಮ್ಮನ ಮನೆಗೆ ಹೋದೆವು. ಒಬ್ಬಳೇ ಹೋಗಲಾರೆ ಎಂದು ನನ್ನನ್ನೂ ಕರೆದಿದ್ದಳು. ಹಿಂದಿನ ಕೋಣೆಯಲ್ಲಿ ಅವನು ಬಾಟಲಿಗಳಿಗೆ ಹೆಸರಿನ ಕಾಗದ ಅಂಟಿಸುತ್ತಿದ್ದ. ನೆಲದ ಮೇಲೆಲ್ಲ ಗೋಂದಿನ ಕಲೆ. ನನ್ನನ್ನು ನೋಡಿ "ತಕ್ಕಡಿ ತರಲಿಲ್ವಾ?" ಎಂದು ನಕ್ಕ. ನಾನು ನಗಲಿಲ್ಲ.

ದೂರದಕ್ಕ ನಿಂತೇ ಕೇಳಿದಳು. "ಮೊದಲನೇ ವರ್ಷ ಗುಡ್ಡದಿಂದ ಅಂತ ತಂದೆಯಲ್ಲ ಬಾಟಲಿ. ಎಲ್ಲಿಂದು ಅವು?"

ಅವನು ಅಂಟಿಸುತ್ತಿದ್ದ ಕಾಗದವನ್ನು ಬೆರಳಿನಿಂದ ನೀವಿ ಸರಿ ಮಾಡಿದ. "ಗೊತ್ತಾಯ್ತಾ?" ಎಂದ.

"ಗೊತ್ತಾಯ್ತು."

"ನಾಲ್ಕಾರು ಮನೆ ಹತ್ತಿದೆ ಅಕ್ಕ. ಆ ವರ್ಷ ಹೂವೇ ಕಮ್ಮಿ, ಅವರು ಬಿಟ್ರೆ ಯಾರೂ ಕೊಡೋಕೆ ಒಪ್ಪಲಿಲ್ಲ. ಕಾಲು ಬಿದ್ದುಹೋಯ್ತು. ಮನೇಲಿ ಒಂದು ಪೀಪಾಯಿ ಜೇನಿತ್ತು, ಪಾಕ ಸೇರಿಸಿ ತುಂಬಿದೆ." ಕೈಯಲ್ಲಿದ್ದ ಬಾಟಲಿಯನ್ನು ಕೆಳಗಿಟ್ಟು ಹೇಳಿದ. "ನಿನ್ನ ಕೆಲಸ ಉಳೀಲಿ ಅಂತ ಮಾಡಿದ್ದು. ಬಾಟಲಿ ಬರದಿದ್ರೆ ನಿಮ್ಮ ಸಾಹೇಬ್ರು ಬಾಗಿಲು ಹಾಕ್ತಿದ್ರು ಅಂತ ನೀನೇ ಅತ್ತಿದ್ದೆ."

"ನನಗೆ ಹೇಳ್ಬಹುದಿತ್ತು."

"ಹೇಳಿದ್ರೆ ತಗೋತಿದ್ಯಾ?"

"ಇಲ್ಲ."

"ಮತ್ತೆ?"

ಅವಳು ಗೋಡೆಗೆ ಒರಗಿದಳು. "ಮುಂದಿನ ವರ್ಷ ಹೂ ಬಂತಲ್ಲ. ನಾನು ಗುಡ್ಡದವರಿಗೆಲ್ಲ ಚೀಟಿ ಕೊಡ್ತಿದ್ದೆನಲ್ಲ, ಆಗ ನೀನು ಕಿಟಕಿ ಹತ್ರಾನೇ ನಿಂತಿರ್ತಿದ್ದೆ. ಆಗ ಯಾಕೆ ಹೇಳಲಿಲ್ಲ?"

ಅವನು ಉಗುರಿಗೆ ಮೆತ್ತಿದ ಗೋಂದು ಕೆರೆಯುತ್ತ ಹೇಳಿದ. "ಆಗ ವ್ಯಾಪಾರ ಶುರುವಾಗಿತ್ತಕ್ಕ."

ಅವಳು ಕೂಗಾಡಲಿಲ್ಲ. ನನಗೇ ಅವನ ಕೆನ್ನೆಗೆ ಬಾರಿಸುವಷ್ಟು ಕೋಪ ಉಕ್ಕಿತ್ತು. ಎದೆಯ ಮೇಲೆ ಹಾಕಿ ಬೆಳೆಸಿದವನು ಅಕ್ಕನ ಹತ್ತು ವರ್ಷದ ದುಡಿಮೆಯ ಬುಡಕ್ಕೇ ಪಾಕ ಸುರಿದಿದ್ದ. ಅದರ ಮೇಲೆ ವರ್ಷ ವರ್ಷವೂ ಬಂದು ಅವಳ ಕೈಯಲ್ಲೇ ಅಡುಗೆ ಮಾಡಿಸಿಕೊಂಡು ಉಂಡಿದ್ದ. ಅವಳು ಹೊರಡುವಾಗ ಅವನು "ಊಟ ಮಾಡ್ಕೊಂಡು ಹೋಗಿ" ಎಂದ. ಅವಳು ಚಪ್ಪಲಿ ಮೆಟ್ಟಿಕೊಂಡಳು.

ಸಾಹೇಬರಿಗೆ ಹೇಳಿದಾಗ ಅವರು ಮೊದಲು ಬಾಗಿಲು ಹಾಕಿದರು. "ಸದ್ದಿಲ್ಲದೆ ಗುಂಪು ಸರಿಮಾಡಿ. ಇನ್ಮೇಲೆ ಬರೋರಿಗೆಲ್ಲ ಸರಿಯಾಗಿ ಬರುತ್ತಲ್ಲ, ಸಾಕು. ಹಳೇ ರಾಮಾಯಣ ಯಾಕೆ?" ಇವಳು ಒಪ್ಪಲಿಲ್ಲ. ಗುಡ್ಡದವರಿಗೆ ಕೊಟ್ಟ ಚೀಟಿಗಳೆಲ್ಲ ತಪ್ಪು, ತಪ್ಪು ತನ್ನದು, ಸುಳ್ಳು ಬಾಟಲಿ ತಂದವನು ತನ್ನ ತಮ್ಮ ಎಂದು ಬರೆದು ಪ್ರಯೋಗಾಲಯದ ಗೇಟಿಗೇ ಅಂಟಿಸಿದಳು. ತಮ್ಮನ ಮುದ್ರೆ ರದ್ದಾಯಿತು. ಇವಳನ್ನು ಅಳತೆಯ ಮೇಜಿನಿಂದ ಎಬ್ಬಿಸಿ ಉಗ್ರಾಣದ ಬಾಟಲಿ ಎಣಿಸಲು ಕೂರಿಸಿದರು. ಇಷ್ಟಾದ ಮೇಲೆ, ಗುಡ್ಡದ ಮನೆಗಳಿಗೆ ತಾನೇ ಹೋಗಿ ಹೇಳಬೇಕು ಎಂದಳು. ಮೊದಲು ತುದಿಯ ಮನೆಗೆ, ನನ್ನನ್ನೂ ಕರೆದುಕೊಂಡು ಹೋದಳು.

ಆ ಮನೆಯ ಅಡುಗೆಕೋಣೆಯಲ್ಲಿ ಒಂದು ಒಲೆ, ಹಿಂದಿನ ಜಗಲಿಯಲ್ಲಿ ಇನ್ನೊಂದು. ಹೆಂಡತಿ ಒಳಗೆ ಬೇಯಿಸುತ್ತಿದ್ದಳು, ಗಂಡ ಹೊರಗೆ ತನ್ನ ಪಾಡಿಗೆ ತಾನು ಬೇಯಿಸಿಕೊಳ್ಳುತ್ತಿದ್ದ. ದೂರದಕ್ಕ ಒಳಗೆ ಕೂತು ಎಲ್ಲವನ್ನೂ ಬಿಡಿಸಿ ಹೇಳಿದಳು. ಏನನ್ನೂ ಮುಚ್ಚಿಡಲಿಲ್ಲ. ಹೆಂಡತಿ ಕೇಳುತ್ತ ಕೇಳುತ್ತ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು.

"ನೀವು ಬಾಟಲಿ ಸುಳ್ಳು ಹೇಳಲ್ಲ ಅಂದ್ರಿ" ಎಂದಳು. "ಜೇನು ಕೀಳೋರು ನಾವಿಬ್ಬರೇ. ನಾನು ಬೆರೆಸಿಲ್ಲ ಅಂತ ನನಗೆ ಗೊತ್ತು. ಹಾಗಾದ್ರೆ ಉಳಿದೋರು ಯಾರು? ಮನೆಗೆ ಬಂದು ಕಳ್ಳ ಅಂದೆ. ಇನ್ನು ನನ್ನ ಅನ್ನ ಮುಟ್ಟಬೇಡ ಅಂದೆ. ಅವತ್ತಿಂದ ಹಿಂಗೇ."

ದೂರದಕ್ಕನಿಗೆ ಈ ವಿಷಯ ಗೊತ್ತಿರಲಿಲ್ಲ. ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

ಹೆಂಡತಿ ಎದ್ದು ಜಗಲಿಯ ಬಾಗಿಲಿಗೆ ಹೋದಳು. "ಕೇಳ್ತಾ? ನಮ್ಮ ಜೇನು ಸರಿ ಇತ್ತಂತೆ. ಇವರು ಅಳೆದು ನೋಡಿದ್ದಾರೆ. ನಿಂದೇನೂ ತಪ್ಪಿಲ್ಲ. ಒಳಗೆ ಬಾ."

ಗಂಡ ಒಲೆಯಿಂದ ಕೊಳ್ಳಿಯೊಂದನ್ನು ಹಿಂದಕ್ಕೆಳೆದು ಉರಿ ತಗ್ಗಿಸಿದ. ತಿರುಗಿ ನೋಡಲಿಲ್ಲ. "ಅವತ್ತು ಇವರು ಅಳೆದು ಕಳ್ಳ ಅಂದ್ರು, ನೀನೂ ಅಂದೆ. ಇವತ್ತು ಅಳೆದು ಅಲ್ಲ ಅಂತಿದ್ದಾರೆ, ನೀನೂ ಅಂತಿದ್ದೀಯ. ನಾಳೆ ಮತ್ತೆ ಅಳೆದ್ರೆ?" ಆಮೇಲೆ ಹೇಳಿದ. "ನನ್ನ ಒಂದು ಮಾತು ಕೇಳಬಹುದಿತ್ತು. ನೀನು ಕೇಳಲಿಲ್ಲ, ಬಂದು ಹೇಳಿದೆ ಅಷ್ಟೆ."

ಅವಳು ಹೊಸ್ತಿಲಲ್ಲೇ ನಿಂತಿದ್ದಳು. ಅವನು ಪಾತ್ರೆ ಇಳಿಸಿ, ಒಂದೇ ತಟ್ಟೆ ತೆಗೆದು ಬಡಿಸಿಕೊಂಡು ಕೂತ. ನಾವು ಎದ್ದು ಬಂದೆವು. 

ಕೆಳಗೆ ಬರುವ ಬಸ್ಸಿನಲ್ಲಿ ಅವಳು ಕಿಟಕಿಯ ಪಕ್ಕ ಕೂತಳು. ಸಮಾಧಾನ ಹೇಳಲು ನನಗೆ ಬರುವುದಿಲ್ಲ, ಬೈಯುವುದು ಬರುತ್ತದೆ. ಅದಕ್ಕೆ ಅವಳ ತಮ್ಮನನ್ನು ಬಾಯಿಗೆ ಬಂದಂತೆ ಬೈದೆ. ಉಂಡ ಮನೆಗೆ ಎರಡು ಬಗೆದವನು ಎಂದೆ, ನಿನ್ನ ಎದುರಿಗೇ ಒಪ್ಪಿಕೊಂಡನಲ್ಲ, ನಾಚಿಕೆಯಾದರೂ ಇದೆಯೇ ಎಂದೆ. ಅವಳು ತಡೆಯಲಿಲ್ಲ. ಬಸ್ಸು ಎರಡು ತಿರುವು ದಾಟಿದ ಮೇಲೆ ಮಾತಾಡಿದಳು.

"ಅಂಕಿ ಎಲ್ಲ ಕಣ್ಣೆದುರಿಗೇ ಇತ್ತು ಕಣೆ. ಎರಡೆರಡು ಸಲ ಲೆಕ್ಕ ಹಾಕಿದ್ದೆ. ಆದ್ರೂ ಅವನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ಒಂದೇ ಬೇಡ್ಕೊಂಡೆ. ಅವನು ಒಂದೇ ಒಂದು ಸಲ ಇಲ್ಲ ಅಂದಿದ್ರೆ, ನಂಬಿಬಿಡ್ತಿದ್ದೆ."